ಟೈರಂಗಡಿಯ ಮಹಡಿಯಲ್ಲಿ ಸೊಸೆ ಕಲಿತ ಡ್ರೈವಿಂಗು

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವವರು ಒದೆಯಲಿ, ನಾನು ಇದ್ದ ಹಾಗೇ ಹೇಳುವವಳು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಮಾತನ್ನು ಊರವರಿಗೆ ದಾಟಿಸಿದವಳು ನಾನು. ಆಗ ನುಂಗಿಕೊಂಡ ಮಾತನ್ನೆಲ್ಲ ಅಮ್ಮ ಈಗ ಆಡಿ ಮುಗಿಸುತ್ತಿದ್ದಾಳೆ ಎಂದು ನನ್ನ ಮಗ ತಮಾಷೆ ಮಾಡುತ್ತಾನೆ. ಮಾಡಲಿ ಬಿಡಿ.

ಈಗ ಹೇಳಹೊರಟಿರುವುದು ನನ್ನ ಸೊಸೆಯ ಕಥೆ. ಅವಳೇ ಹೇಳಲಿ ಎಂದು ಕಾದು ಕೂತರೆ ಕಥೆ ಮುಗಿಯುವುದಿರಲಿ, ಶುರುವೇ ಆಗುವುದಿಲ್ಲ. ಮೂಗು ಹಿಡಿದರೂ ಬಾಯಿ ಬಿಡದ ಪೈಕಿ ಅವಳು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಮೂರರವರೆಗೂ ಬಿಳಿ ಬೆಡ್‌ಶೀಟುಗಳನ್ನು ಬಿಸಿ ರೋಲರಿನೊಳಕ್ಕೆ ಬಿಡುವುದು, ಆಚೆಯಿಂದ ಬಂದದ್ದನ್ನು ಇನ್ನೊಬ್ಬಳ ಜೊತೆ ಮೂಲೆಗೆ ಮೂಲೆ ಹಿಡಿದು ಮಡಚುವುದು, ದಿಂಬಿನ ಕವರುಗಳಿಗೆ ಇಸ್ತ್ರಿ ಹಾಕುವುದು. ಹೀಗೆ ಹದಿಮೂರು ವರ್ಷ. ನನ್ನ ಮಗ ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಎರಡು ತಿಂಗಳು ನೆಲದ ಮೇಲಿರುತ್ತಾನೆ, ಆ ಎರಡು ತಿಂಗಳೂ ನಿದ್ದೆ ಹೊಡೆಯುತ್ತಾನೆ. ಹಾಗಾಗಿ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಉಳಿಯುವವರು ನಾವು ಮೂವರೇ: ನಾನು, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು. ಮೊಮ್ಮಗಳನ್ನು ಬೀದಿಯವರೆಲ್ಲ ಚೂಟಿ ಎಂದು ಕರೆಯುತ್ತಾರೆ. ಹೆಸರಿಗೆ ತಕ್ಕ ಹಾಗೇ ಇದ್ದಾಳೆ, ನಿಂತಲ್ಲಿ ನಿಲ್ಲುವುದಿಲ್ಲ.

ನಮ್ಮ ಕಿಟಕಿಯ ಎದುರಿಗೇ ಒಂದು ಟೈರಂಗಡಿ. ಅದರ ಮಹಡಿಯಲ್ಲಿ ಹಿಂದೆ ಹಳೇ ಟ್ಯೂಬುಗಳ ಗೋದಾಮು ಇತ್ತು. ಈಗ ಅಲ್ಲೊಂದು ಯೂತ್ ಕ್ಲಬ್ಬು. ನಡೆಸುವವಳು ಇಪ್ಪತ್ತಾರು ವರ್ಷದ ಹುಡುಗಿ, ಹಗಲು ಗೇಟು-ಕಿಟಕಿ ಸರಳುಗಳಿಗೆ ವೆಲ್ಡಿಂಗ್ ಮಾಡುತ್ತಾಳೆ. ಮಕ್ಕಳೆಲ್ಲ ಅವಳನ್ನು ವೆಲ್ಡಿಂಗಕ್ಕ ಎನ್ನುತ್ತಾರೆ. ಸಂಜೆ ಆರಕ್ಕೆ ಅವಳು ಮುಖ ತೊಳೆದು ಮೇಲೆ ಹತ್ತಿದಳೆಂದರೆ ಬೀದಿಯ ಅಷ್ಟೂ ಮಕ್ಕಳು ಅವಳ ಹಿಂದೆ. ಅಲ್ಲಿ ಹೋಮ್‌ವರ್ಕೂ ಆಗುತ್ತದೆ, ಕುಸ್ತಿಯೂ ಆಗುತ್ತದೆ. ನನಗೆ ಆ ಜಾಗ ಕಂಡರೆ ಆಗುತ್ತಿರಲಿಲ್ಲ. ಬರೀ ಗಲಾಟೆ.

ಒಂದು ದಿನ ನಾನು ಮಧ್ಯಾಹ್ನದ ನಿದ್ದೆಯಿಂದ ಎದ್ದು ನೋಡುತ್ತೇನೆ, ನನ್ನ ರೇಡಿಯೋ ಚಾಪೆಯ ಮೇಲೆ ನೂರು ಚೂರಾಗಿ ಬಿದ್ದಿದೆ! ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಚೂಟಿ.

“ಅಯ್ಯೋ ಮಹಾತಾಯಿ, ಏನೇ ಇದು?”

“ಕ್ಲಬ್ಬಲ್ಲಿ ಕಲ್ತೆ ಅಜ್ಜಿ. ಬಿಚ್ಚೋದು ಈ ವಾರ, ಜೋಡ್ಸೋದು ಮುಂದಿನ್ ವಾರ.”

ಕೋಪ ನೆತ್ತಿಗೇರಿತು. ಆ ಶನಿವಾರವೇ ಆ ಹುಡುಗಿಗೆ ಸರಿಯಾಗಿ ಮಂಗಳಾರತಿ ಎತ್ತಿ ಬರೋಣವೆಂದು ರಸ್ತೆ ದಾಟಿ ಮೆಟ್ಟಿಲು ಹತ್ತಿದೆ. ಬಾಗಿಲಲ್ಲೇ ಬಾಯಿ ತೆರೆದೆ. ತೆರೆದದ್ದು ಹಾಗೇ ಉಳಿಯಿತು. ಒಳಗೆ ಹದಿನೈದಿಪ್ಪತ್ತು ಜನ ದೊಡ್ಡವರು ಮೊಳದುದ್ದದ ಸ್ಟೂಲುಗಳ ಮೇಲೆ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಮುದುಡಿ ಕೂತಿದ್ದಾರೆ, ಮಕ್ಕಳು ಮೇಷ್ಟ್ರುಗಳ ಹಾಗೆ ಎದುರಿಗೆ ನಿಂತಿದ್ದಾರೆ. ಬೀದಿಗೆಲ್ಲ ಹುಲಿಯಂತಿರುವ ಟೈರಂಗಡಿಯವನಿಗೆ ಅವನ ಮಗಳೇ ಫೋನಿನಲ್ಲಿ ನಕ್ಷೆ ನೋಡುವುದನ್ನು ಕಲಿಸುತ್ತಿದ್ದಾಳೆ. ಅವನು ತಪ್ಪು ಮಾಡಿ ತಲೆ ಕೆರೆದುಕೊಳ್ಳುತ್ತಿದ್ದಾನೆ.

“ಏನ್ ನಡೀತಿದೆ ಇಲ್ಲಿ?” ಎಂದೆ ಜೋರಾಗಿ.

ಒಂಬತ್ತು ವರ್ಷದ ಚೋಟುದ್ದದ ಹುಡುಗಿಯೊಂದು ನನ್ನ ಕಡೆ ತಿರುಗಿ, “ಅಜ್ಜಿ, ಕೈ ಎತ್ತಿ ಮಾತಾಡಿ” ಎಂದಿತು. ನನಗೆ! ಒಂದೊಂದು ಸಲಕ್ಕೆ ನಲವತ್ತು ಲೈನು ಸಂಭಾಳಿಸಿದ ನನಗೆ!

ಆಮೇಲೆ ಗೊತ್ತಾಯಿತು, ಶನಿವಾರದ ಮೊದಲ ಗಂಟೆ ಅಲ್ಲಿ ಮಕ್ಕಳದ್ದು. ಪ್ರತಿ ಮಗುವೂ ಮನೆಯ ಒಬ್ಬ ದೊಡ್ಡವರನ್ನು ಕರೆತರಬೇಕು, ಆ ವಾರ ತಾನು ಕಲಿತದ್ದನ್ನು ಅವರಿಗೆ ಕಲಿಸಬೇಕು. ಮಕ್ಕಳು ಹೇಳಿದ ಹಾಗೆ ದೊಡ್ಡವರು ಕೇಳಬೇಕು. ಎರಡನೇ ಗಂಟೆ ದೊಡ್ಡವರದ್ದು. ತಮಗೆ ಬರುವುದೇನಿದೆಯೋ ಅದನ್ನು ಅವರು ಹೇಳಿಕೊಡಬೇಕು. ನನಗೇನು ಬರುತ್ತದೆ ಎಂದು ವೆಲ್ಡಿಂಗಕ್ಕ ಕೇಳಿದಳು. ಬೈಯುವುದು ಬರುತ್ತದೆ ಎಂದೆ. ಅವಳು ನಕ್ಕು, “ಅದಕ್ಕಿಲ್ಲಿ ತುಂಬಾ ಜನ ಇದಾರೆ ಅಜ್ಜಿ, ಇನ್ನೇನಾದ್ರೂ?” ಎಂದಳು. ಕೊನೆಗೆ ಕಣ್ಣು ಮುಚ್ಚಿ ಕೇಳುವುದನ್ನು ಕಲಿಸಿದೆ. ರಸ್ತೆಯಲ್ಲಿ ಹೋದದ್ದು ಬಸ್ಸೋ ಲಾರಿಯೋ, ಗೇರು ಬದಲಾಯಿತೋ ಇಲ್ಲವೋ, ಮೆಟ್ಟಿಲು ಹತ್ತುತ್ತಿರುವುದು ಒಬ್ಬರೋ ಇಬ್ಬರೋ. ಹದಿನೆಂಟು ಮಕ್ಕಳು ಉಸಿರು ಬಿಗಿಹಿಡಿದು ಕೂತವು. ಮಂಗಳಾರತಿ ಆ ವಾರ ಬಾಕಿ ಉಳಿಯಿತು. ಅದನ್ನು ಪೂರ್ತಿ ಮಾಡುವ ನೆಪದಲ್ಲಿ ಮುಂದಿನ ಶನಿವಾರವೂ ಹೋದೆ. ರೇಡಿಯೋ ಕೂಡ ಜೋಡಣೆಯಾಯಿತು ಅನ್ನಿ, ಒಂದು ಸ್ಕ್ರೂ ಮಾತ್ರ ಹೆಚ್ಚಿಗೆ ಉಳಿಯಿತು.

ಹೀಗೆ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಸೊಸೆ ಕೆಲಸದಿಂದ ಬಂದವಳೇ ಚೀಲದಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟಳು. ನಾನೇ ಎತ್ತಿ ಓದಿದೆ. ಹೋಟೆಲಿನವರು ಲಾಂಡ್ರಿ ಮುಚ್ಚುತ್ತಾರೆ, ಎಂಟು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ದೊಡ್ಡ ಕಾರ್ಖಾನೆಯನ್ನೇ ಕಟ್ಟಿದ್ದಾರೆ, ಬಟ್ಟೆಯೆಲ್ಲ ಇನ್ನು ಅಲ್ಲಿಗೆ. ಇಷ್ಟವಿದ್ದವರು ಅಲ್ಲಿಗೆ ಹೋಗಬಹುದು. ಹೆಂಗಸರಿಗೆ ಹಾಸ್ಟೆಲಿನಲ್ಲಿ ಒಂದು ಮಂಚ ಕೊಡುತ್ತಾರೆ, ಮಕ್ಕಳಿಗೆ, ಮುದುಕರಿಗೆ ಜಾಗವಿಲ್ಲ. ಒಪ್ಪಿಗೆಯಿದ್ದರೆ ಮೂರು ತಿಂಗಳೊಳಗೆ ಸಹಿ ಮಾಡಿ ಕೊಡಬೇಕು.

“ಏನ್ಮಾಡ್ತೀಯ?” ಎಂದೆ.

“ಹೋಗ್ಬೇಕಾಗುತ್ತೆ ಅತ್ತೆ. ಇಸ್ತ್ರಿ ಬಿಟ್ರೆ ಇನ್ನೇನ್ ಬರುತ್ತೆ ನನಗೆ?” ಎಂದು ಅವಳು ಮುಖ ತೊಳೆಯಲು ಹೋದಳು. ನಲ್ಲಿ ಬಹಳ ಹೊತ್ತು ಹರಿಯಿತು. ಆ ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದೂ ಇತ್ತು. ನನ್ನ ಕಿವಿಗೆ ಅದು ತಪ್ಪುತ್ತದೆಯೇ?

ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಮಗ ಸಮುದ್ರದಲ್ಲಿ, ಸೊಸೆ ಬೇರೆ ಊರಲ್ಲಿ, ಅರವತ್ತೇಳರ ನಾನು ಹನ್ನೊಂದರ ಮಗುವನ್ನು ಕಟ್ಟಿಕೊಂಡು ಇಲ್ಲಿ. ಮಗನ ಸಂಬಳವೊಂದರಲ್ಲೇ ಮನೆ ನಡೆಯುವಂತಿಲ್ಲ, ಅದು ಇಬ್ಬರಿಗೂ ಗೊತ್ತು. ಮಗು ತಾಯಿಯಿಲ್ಲದೆ ಮಲಗುವುದಿಲ್ಲ. ನಾನೂ ಸೊಸೆಯ ಬೀಗದ ಸದ್ದು ಕೇಳದೆ ಮಧ್ಯಾಹ್ನದ ಚಹಾಕ್ಕೆ ನೀರಿಡುವವಳಲ್ಲ. ಆದರೆ ಇದನ್ನೆಲ್ಲ ಅವಳ ಮುಂದೆ ಹೇಳಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ. ನನ್ನ ಕಾಲ ಮುಗಿದದ್ದನ್ನು ಒಪ್ಪಿಕೊಳ್ಳಲು ಬಿಗುಮಾನ ಅಡ್ಡ ಬಂತು.

ಬಿಗುಮಾನ ಚೂಟಿಗೆಲ್ಲಿ? ಶನಿವಾರ ಮೂವರೂ ಕ್ಲಬ್ಬಿನಲ್ಲಿದ್ದೆವು. ಸೊಸೆ ಎಂದಿನಂತೆ ಮೂಲೆಯಲ್ಲಿ. ಚೂಟಿ ಕೈ ಎತ್ತಿದಳು. “ನಮ್ಮಮ್ಮ ಹೊರಟೋಗ್ತಾಳೆ. ಅವಳಿಗೆ ಇಲ್ಲೇ ಕೆಲಸ ಬೇಕು” ಎಂದಳು. ಮನೆಯ ಮಾತನ್ನು ಹತ್ತು ಜನರೆದುರು ಹರಡಿದಳಲ್ಲ ಎಂದು ನಾನು ಅವಳ ರಟ್ಟೆ ಹಿಡಿಯಲು ಏಳುವಷ್ಟರಲ್ಲಿ ಟೈರಂಗಡಿಯವನು, ಪಾಪ, ಅವನೂ ಕೈ ಎತ್ತಿದ.

“ಮಕ್ಕಳ ಸ್ಕೂಲ್ ವ್ಯಾನ್ ಡ್ರೈವರು ಈ ರಜಾಕ್ಕೆ ರಿಟೈರ್ ಆಗ್ತಿದಾನೆ. ಹೆಂಗಸರು ಯಾರಾದ್ರೂ ಸಿಕ್ಕಿದ್ರೆ ಒಳ್ಳೇದು ಅಂತ ಹೆಡ್‌ಮಿಸ್ಸು ಟೈರ್ ಹಾಕ್ಸೋಕೆ ಬಂದಾಗ ಹೇಳಿದ್ರು.”

ಎಲ್ಲರೂ ಸೊಸೆಯ ಕಡೆ ನೋಡಿದರು. ಸೊಸೆ ತನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದಳು. ಹಿಂದೆ ಗೋಡೆಯಿತ್ತು.

“ನಾನಾ? ನನಗೆ ಸೈಕಲ್ ಕೂಡ ಬರಲ್ಲ” ಎಂದಳು.

“ನನಗೆ ವೆಲ್ಡಿಂಗ್ ಬರ್ತಿತ್ತಾ ಹುಟ್ಟುವಾಗ?” ಎಂದಳು ವೆಲ್ಡಿಂಗಕ್ಕ. ಸೋಮವಾರವೇ ಅವಳು ಸೊಸೆಯನ್ನು ಹೆಡ್‌ಮಿಸ್ಸಿನ ಹತ್ತಿರ ಕರೆದುಕೊಂಡು ಹೋದಳು. ಸ್ಕೂಲ್ ತೆರೆಯುವುದರೊಳಗೆ ಲೈಸೆನ್ಸ್ ತೋರಿಸಿದರೆ ಕೆಲಸ ನಿನ್ನದು ಎಂದು ಆಕೆ ಮಾತು ಕೊಟ್ಟಳು. ಡ್ರೈವಿಂಗ್ ಸ್ಕೂಲಿನಲ್ಲಿ ಕೇಳಿದರೆ ಬೆಳಗಿನ ತರಗತಿ ಬಿಟ್ಟು ಬೇರೆ ಇಲ್ಲವಂತೆ. ಬೆಳಿಗ್ಗೆ ಇವಳು ಬೆಡ್‌ಶೀಟಿನ ಮುಂದೆ. ಆಯಿತಲ್ಲ, ಅಲ್ಲಿಗೆ ಮುಗಿಯಿತು ಎಂದುಕೊಂಡೆ ನಾನು. ಮಕ್ಕಳು ಹಾಗೆ ಅಂದುಕೊಳ್ಳಲಿಲ್ಲ.

ಗುಜರಿಯಿಂದ ಒಂದು ನಿಜವಾದ ಸ್ಟೇರಿಂಗು ಬಂತು. ವೆಲ್ಡಿಂಗಕ್ಕ ಅದನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿದಳು. ಬಾಗಿಲಿನ ಸ್ಪ್ರಿಂಗು ಹಾಕಿ ಮೂರು ಪೆಡಲು, ಸರಳು ಬಗ್ಗಿಸಿ ಗೇರು, ಕೂರಲು ಕುರ್ಚಿ, ಅಡಿಗೆ ನಾಲ್ಕು ಪುಟ್ಟ ಚಕ್ರ, ತಳ್ಳಲು ಹಿಂದೆ ಇಬ್ಬರು ಹುಡುಗರು. ಕ್ಲಬ್ಬಿನ ನೆಲದ ತುಂಬ ಸೀಮೆಸುಣ್ಣದಲ್ಲಿ ರಸ್ತೆ ಬರೆದರು. ಉಳಿದ ಮಕ್ಕಳೇ ಟ್ರಾಫಿಕ್ಕು. ಒಬ್ಬ ಲಾರಿ, ಒಬ್ಬಳು ಸ್ಕೂಟರು, ಒಂದು ಚಿಕ್ಕ ಮಗು ನಾಯಿ. ಟೈರಂಗಡಿಯವನ ಮಗಳು ಸೀಟಿ ಊದುವ ಪೊಲೀಸು. ನನಗೆ ಕೊಟ್ಟದ್ದು ರಸ್ತೆಯ ಮಧ್ಯೆ ನಿಂತು ದಿಕ್ಕು ತೋಚದೆ ಅತ್ತಿತ್ತ ನೋಡುವ ಮುದುಕಿಯ ಪಾತ್ರ. ಬಹಳ ಸಹಜವಾಗಿ ಮಾಡುತ್ತೀರಿ ಎಂದು ಎಲ್ಲರೂ ಹೊಗಳಿದರು, ಅದಕ್ಕೆ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.

ದಿನಾ ಸಂಜೆ ಇದೇ ಕೆಲಸ. ಕ್ಲಚ್ಚು ಒತ್ತು, ಗೇರು ಹಾಕು, ಮೆಲ್ಲಗೆ ಬಿಡು. ಚೂಟಿ ಪಕ್ಕದಲ್ಲಿ ಕೂತು ಅಮ್ಮನನ್ನೇ ಗದರುತ್ತಿದ್ದಳು: “ಅಮ್ಮಾ, ಕಾಲ್ ನೋಡ್ಬೇಡ, ರೋಡ್ ನೋಡು!” ಲೆಕ್ಕವೆಂದರೆ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದ ಹುಡುಗಿ, ಇಷ್ಟು ವೇಗದಲ್ಲಿ ಬಂದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ನೆಲದ ಮೇಲೆ ಭಾಗಾಕಾರ ಮಾಡತೊಡಗಿದಳು. ಪೊಲೀಸಾದವಳು ತನ್ನಪ್ಪನಿಗೆ ಸೀಟ್ ಬೆಲ್ಟ್ ಹಾಕದ್ದಕ್ಕೆ ಕಿವಿ ಹಿಂಡಿ ದಂಡ ಹಾಕಿದಳು. ಲಾರಿಯಾಗಿದ್ದ ಹುಡುಗನ ಅಮ್ಮ, ಮಗನ ಜೊತೆ ಆಡಲು ತನಗೆ ಈಗ ಪುರುಸೊತ್ತು ಸಿಕ್ಕಿತು ನೋಡಿ ಎಂದು ತಾನೂ ಬಸ್ಸಾದಳು. ಗಂಡಸರು, ಹೆಂಗಸರು, ಮಕ್ಕಳು, ಸಂಜೆಯಾದರೆ ಎಲ್ಲ ಅಲ್ಲೇ. ಗಲಾಟೆ ಎಂದು ನಾನು ಕಿಟಕಿ ಮುಚ್ಚುತ್ತಿದ್ದೆನಲ್ಲ, ಈಗ ಆ ಗಲಾಟೆಯಲ್ಲಿ ಅರ್ಧ ನನ್ನದೇ.

ಆ ಗಾಡಿಗೆ ಹಾರ್ನ್ ಒಂದಿರಲಿಲ್ಲ. ಕೆಳಗೆ ಗಿರಾಕಿಗಳು ಬೆಚ್ಚಿಬೀಳುತ್ತಾರೆ ಎಂದು ಟೈರಂಗಡಿಯವನು ಬೇಡವೆಂದಿದ್ದ. ಹಾಗಾಗಿ ತಿರುವು ಬಂದಾಗಲೆಲ್ಲ ಸೊಸೆ ಬಾಯಲ್ಲೇ “ಪೀಂ ಪೀಂ” ಎನ್ನಬೇಕು ಎಂದು ಮಕ್ಕಳು ಕಾಯಿದೆ ಮಾಡಿದರು. ಮೊದಮೊದಲು ನಾಚಿಕೊಂಡಳು. ಕ್ರಮೇಣ ಎಂಥ ಜೋರಾಗಿ ಅನ್ನತೊಡಗಿದಳೆಂದರೆ, ಈ ಬಾಯಿ ಇಷ್ಟು ದಿನ ಎಲ್ಲಿತ್ತು ಎನಿಸುತ್ತಿತ್ತು. ಭಾನುವಾರ ಬೆಳಿಗ್ಗೆ ಖಾಲಿ ಮಾರ್ಕೆಟ್ಟಿನ ಅಂಗಳದಲ್ಲಿ ಟೈರಂಗಡಿಯವನು ತನ್ನ ಹಳೇ ವ್ಯಾನು ಕೊಡುತ್ತಿದ್ದ. ಜೀವ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಕೂರುತ್ತಿದ್ದ. ಆ ವ್ಯಾನಿನ ಹಾರ್ನೂ ಕೆಟ್ಟು ಎರಡು ವರ್ಷ. ಅವನು ಕಿಟಕಿಯಿಂದ ತಲೆ ಹಾಕಿ “ಏಯ್, ಪಕ್ಕಕ್ಕೆ!” ಎಂದು ಕೂಗಿಯೇ ಊರೆಲ್ಲ ಸುತ್ತುವವನು. ಅಲ್ಲಿಯೂ ಸೊಸೆಯದು ಬಾಯಿ ಹಾರ್ನೇ. ಇದರಲ್ಲೇನು ತಪ್ಪಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪರೀಕ್ಷೆಯ ಹಿಂದಿನ ದಿನ ವೆಲ್ಡಿಂಗಕ್ಕ ವ್ಯಾನಿನ ಹಾರ್ನ್ ಸರಿಮಾಡಿದಳು, ಗಾಡಿ ಸರಿಯಿಲ್ಲದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲವಲ್ಲ. ಮರುದಿನ ಲೈಸೆನ್ಸ್ ಆಫೀಸಿನ ಮೈದಾನಕ್ಕೆ ನಾನೂ ಜೊತೆಗೆ ಹೋದೆ. ಸೊಸೆ ಎಂಟರ ಆಕಾರದಲ್ಲಿ ನೀಟಾಗಿ ತಿರುಗಿಸಿದಳು. ಹಿಂದಕ್ಕೆ ತೆಗೆದು ನಿಲ್ಲಿಸಿದಳು. ನನ್ನೆದೆ ಉಬ್ಬಿತು. ಕೊನೆಗೆ ಗೋಡೆಯ ಮರೆಯ ತಿರುವು, ಅಲ್ಲಿ ‘ಹಾರ್ನ್ ಮಾಡಿ’ ಎಂದು ಇಷ್ಟು ದೊಡ್ಡ ಬೋರ್ಡು. ವ್ಯಾನು ತಿರುವಿಗೆ ಬಂತು. ಎರಡು ಕೈಯಲ್ಲೂ ಸ್ಟೇರಿಂಗ್ ಭದ್ರವಾಗಿ ಹಿಡಿದುಕೊಂಡು ನನ್ನ ಸೊಸೆ, ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಿರುವಾಗಲೇ, ಗಂಟಲು ಹರಿಯುವ ಹಾಗೆ “ಪೀಂ ಪೀಂ!” ಎಂದಳು.

ಸಾಲಿನಲ್ಲಿ ನಿಂತ ಅಷ್ಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ಸ್‌ಪೆಕ್ಟರ್ ಇಳಿದು ಬಂದು ಚೀಟಿಯ ಮೇಲೆ ಗೀಟು ಎಳೆದರು. “ಅಮ್ಮಾ, ಹಾರ್ನ್ ಕೈಯಲ್ಲಿ ಮಾಡ್ಬೇಕು. ಹದಿನೈದು ದಿನ ಬಿಟ್ಟು ಬನ್ನಿ” ಎಂದರು. ಹದಿನೈದನೇ ದಿನವೆಂದರೆ ಶುಕ್ರವಾರ. ಅದೇ ಶುಕ್ರವಾರ ಸಂಜೆ ಐದಕ್ಕೆ ಲಾಂಡ್ರಿಯ ಫಾರಂ ಕೊಡಲು ಕೊನೇ ಗಳಿಗೆ. ಅದರ ಮುಂದಿನ ಸೋಮವಾರ ಸ್ಕೂಲು ಶುರು. ಪರೀಕ್ಷೆಯಲ್ಲಿ ಮತ್ತೆ ಎಡವಿದರೆ ಐದರೊಳಗೆ ಫಾರಂಗೆ ಸಹಿ ಹಾಕಲೇಬೇಕು, ಇಲ್ಲದಿದ್ದರೆ ಅದೂ ಇಲ್ಲ, ಇದೂ ಇಲ್ಲ.

ಬೀದಿಗೆ ಬಂದವಳೇ ಸೊಸೆ ಮನೆಯ ಮೆಟ್ಟಿಲು ಹತ್ತಿದಳು. ನಾನು ನೇರವಾಗಿ ಕ್ಲಬ್ಬಿಗೆ ಹತ್ತಿದೆ. ಮಕ್ಕಳು “ಪಾಸಾ? ಪಾಸಾ?” ಎಂದು ಓಡಿಬಂದವು. ಆ ದಿನ ನಾನಾಡಿದ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. “ಆಟ ಕಲಿಸಿದಿರಿ! ಅವಳ ಬದುಕು ನಿಮಗೆ ಆಟ! ಊರವರೆಲ್ಲ ನಗೋ ಹಾಗೆ ಮಾಡಿದಿರಿ!” ಎಂದು ಕೂಗಾಡಿದೆ. ನಾಯಿಯಾಗುತ್ತಿದ್ದ ಚಿಕ್ಕ ಮಗು ಅಳತೊಡಗಿತು. ವೆಲ್ಡಿಂಗಕ್ಕ ತಲೆ ತಗ್ಗಿಸಿದಳು. ಚೂಟಿ ಮುಂದೆ ಬಂದಳು. ಕೈ ಎತ್ತಿದಳು. ನನ್ನ ಮುಂದೆ, ನನ್ನ ಮೊಮ್ಮಗಳು, ಕೈ ಎತ್ತಿ ನಿಂತಳು.

“ಹೇಳು” ಎಂದೆ.

“ಅಜ್ಜಿ, ತಪ್ಪು ಅಮ್ಮಂದಲ್ಲ. ನಾವು ಹೇಳ್ಕೊಟ್ಟಿದ್ದನ್ನ ಅವಳು ಸರಿಯಾಗೇ ಮಾಡಿದಾಳೆ. ನಾವು ತಪ್ಪು ಹೇಳ್ಕೊಟ್ವಿ. ಅದಕ್ಕೆ ನಾವೇ ಸರಿಮಾಡ್ತೀವಿ.”

ನನಗೆ ಅರವತ್ತೇಳು, ಒಂದು ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ನೆನಪು ನನಗಿಲ್ಲ. ಇದನ್ನು ಮನೆಯಲ್ಲಿ ನಾನು ಕಲಿಸಿರಲಿಲ್ಲ, ಅದಂತೂ ಖಾತ್ರಿ. ಕೂಗಾಡಿದ್ದಕ್ಕೆ ತಪ್ಪಾಯಿತು ಎಂದೆ. ಅಷ್ಟು ಹೇಳುವುದಕ್ಕೆ ಒಂದು ಲೋಟ ನೀರು ಕುಡಿಯಬೇಕಾಯಿತು.

ಮಕ್ಕಳು ತಮ್ಮ ಗಾಡಿಯಲ್ಲಿ ಇಲ್ಲದ್ದು, ನಿಜವಾದ ಗಾಡಿಯಲ್ಲಿ ಇರುವುದು ಏನೇನು ಎಂದು ಗೋಡೆಯ ಮೇಲೆ ಬರೆದರು. ಕನ್ನಡಿ ಬಂತು, ಬೆಲ್ಟು ಬಂತು, ಸ್ಕೂಟರಿನ ಹಾರ್ನ್ ಬ್ಯಾಟರಿ ಸಮೇತ ಬಂತು. ಗಿರಾಕಿಗಳು ಬೆಚ್ಚಿದರೆ ಬೆಚ್ಚಲಿ ಎಂದ ಟೈರಂಗಡಿಯವನು. ಆದರೆ ಬಾಯಿಗೆ ಹತ್ತಿದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬಾಯಿಂದ ಪೀಂ ಬಂದರೆ ಲಾರಿ, ಸ್ಕೂಟರು, ನಾಯಿ, ಬಸ್ಸು ಎಲ್ಲವೂ ಅಲ್ಲಲ್ಲೇ ನೆಲಕ್ಕೆ ಮಲಗಿಬಿಡಬೇಕು ಎಂಬುದು ಚೂಟಿಯ ಹೊಸ ಕಾಯಿದೆ. ಮೊದಲ ದಿನ ಇಪ್ಪತ್ತಮೂರು ಸಲ ಮಲಗಿದರು. ಮೂರನೇ ದಿನ ಒಂಬತ್ತು ಸಲ. ಲಾರಿಯ ಅಮ್ಮ, ಮಲಗಿ ಎದ್ದು ಮಲಗಿ ಎದ್ದು ತನ್ನ ಸೊಂಟವೇ ಸರಿಹೋಯಿತು ಎಂದಳು.

ಹತ್ತನೇ ದಿನ ಒಂದು ಸಲವೂ ಮಲಗಲಿಲ್ಲ. ಆ ಸಂಜೆ ಮನೆಗೆ ಬಂದು ಸೊಸೆ ಪಾತ್ರೆ ತೊಳೆಯುತ್ತ ನನ್ನ ಕಡೆ ತಿರುಗದೆ, “ಅತ್ತೆ, ಭಯ ಆಗ್ತಿದೆ. ಅಲ್ಲಿ ಹೋದ್ಮೇಲೆ ಮತ್ತೆ ಬಾಯಿಗೇ ಬಂದ್ಬಿಟ್ರೆ?” ಎಂದಳು.

“ನನಗೂ ಭಯಾನೇ ಕಣೆ” ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ನನ್ನದು ನಿಲ್ಲುವುದಿಲ್ಲ. “ನೀನು ಹೋದ್ರೆ ನಾನ್ಯಾರ ಜೊತೆ ಜಗಳ ಆಡ್ಲಿ? ನೀನಿಲ್ದೆ ಈ ಮನೆ ನನಗೆ ಬೇಡ. ಹದಿಮೂರು ವರ್ಷದಿಂದ ಹೇಳ್ಬೇಕಾಗಿತ್ತು, ಈಗ ಹೇಳ್ತಿದೀನಿ. ಮುದುಕಿ ಬುದ್ಧಿ ತಡ.”

ಅವಳು ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದಳು. ಹದಿಮೂರು ವರ್ಷದ ಬಿಸಿ ಆ ಅಂಗೈಯನ್ನು ಒರಟು ಮಾಡಿಟ್ಟಿತ್ತು. ಇಬ್ಬರೂ ಅತ್ತೆವು. ಮಲಗಿದ್ದ ಚೂಟಿ ಹೊದಿಕೆಯ ಒಳಗಿಂದ, “ಅಳೋದಿದ್ರೆ ಬೇಗ ಅತ್ತು ಮಲ್ಕೊಳ್ಳಿ, ನಾಳೆ ಗೇರ್ ಪ್ರಾಕ್ಟೀಸ್ ಇದೆ” ಎಂದಳು. ತುಂಟಮುಂಡೇದು!

ಶುಕ್ರವಾರ ಮಧ್ಯಾಹ್ನ. ಹಿಂದಿನ ಸಲ ನಕ್ಕವರ ಗಲಾಟೆಯಿಂದಾಗಿ ಈ ಸಲ ಯಾರನ್ನೂ ಮೈದಾನದೊಳಗೆ ಬಿಡುವುದಿಲ್ಲ ಎಂದು ಕಾವಲುಗಾರ ಗೇಟು ಹಾಕಿಬಿಟ್ಟ. ಹೊರಗೆ ಗೋಡೆಯುದ್ದಕ್ಕೂ ನಾವು ಮೂವತ್ತು ಜನ, ಅದರಲ್ಲಿ ಇಪ್ಪತ್ತು ಚಿಳ್ಳೆಪಿಳ್ಳೆ. ವೆಲ್ಡಿಂಗಕ್ಕ ಅರ್ಧ ದಿನ ರಜೆ ಹಾಕಿದ್ದಳು, ಟೈರಂಗಡಿಗೆ ಬೀಗ ಬಿದ್ದಿತ್ತು. ಗೋಡೆ ಎರಡಾಳೆತ್ತರ, ಏನೂ ಕಾಣುವುದಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

“ಬಾಯಿ ಮುಚ್ಚಿ ಎಲ್ರೂ” ಎಂದೆ. ಗೋಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದೆ.

ಟೈರಂಗಡಿಯವನ ವ್ಯಾನಿನ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಶುರುವಾಯಿತು. ಒಂದನೇ ಗೇರು, ಎರಡನೇ ಗೇರು. “ಎಂಟು ಹಾಕ್ತಿದಾಳೆ” ಎಂದೆ. ಮಕ್ಕಳೆಲ್ಲ ಗೋಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದವು. ಹಿಂದಕ್ಕೆ ಬರುವ ಗೊರಗೊರ ಸದ್ದು. ನಿಂತಿತು. ಮತ್ತೆ ಹೊರಟಿತು. “ಇನ್ನು ತಿರುವು” ಎಂದು ಚೂಟಿ ಪಿಸುಗುಟ್ಟಿದಳು. ಅವಳ ಉಗುರು ನನ್ನ ಕೈಗೆ ನಾಟಿತ್ತು.

ಗಕ್ಕನೆ ಇಂಜಿನ್ ಆಫ್ ಆಯಿತು.

ಒಂದು, ಎರಡು, ಮೂರು, ನಾಲ್ಕು ಸೆಕೆಂಡು ಏನೂ ಕೇಳಲಿಲ್ಲ. ವೆಲ್ಡಿಂಗಕ್ಕ ಮುಖ ಮುಚ್ಚಿಕೊಂಡಳು. ಆಮೇಲೆ ಕೀಲಿ ತಿರುಗಿದ ಸದ್ದು. ಒಮ್ಮೆ ಕೆಮ್ಮಿತು, ಹಿಡಿಯಿತು. ಆತುರವಿಲ್ಲದೆ ಕ್ಲಚ್ಚು ಬಿಟ್ಟಳು, ನನ್ನ ಕಿವಿಗೆ ಅದು ಸ್ಪಷ್ಟವಾಗಿ ಬಂತು. ವ್ಯಾನು ಮುಂದಕ್ಕೆ ಸರಿಯಿತು. ಮತ್ತೆ, ಗೋಡೆಯ ಆಚೆಯಿಂದ, ಎರಡು ವರ್ಷ ಸತ್ತು ಬಿದ್ದಿದ್ದ ಆ ಹಾರ್ನು ಭೂಮಿ ನಡುಗುವ ಹಾಗೆ ಮೊಳಗಿತು. ಒಂದು ಸಲವಲ್ಲ, ಎರಡು ಸಲ!

“ಕೈಯಲ್ಲಿ! ಕೈಯಲ್ಲಿ ಮಾಡಿದ್ಲು!” ಎಂದು ಚೂಟಿ ಕುಣಿದಳು. ಮೂವತ್ತು ಜನರೂ ಒಟ್ಟಿಗೇ ಕೂಗಿದೆವು. ಅಳುಬುರುಕ ನಾಯಿಮರಿಯನ್ನು ಟೈರಂಗಡಿಯವನು ಹೆಗಲಿಗೆತ್ತಿಕೊಂಡು ಗರಗರ ತಿರುಗಿದ.

ಗೇಟು ತೆರೆಯಿತು. ಸೊಸೆ ವ್ಯಾನು ಓಡಿಸಿಕೊಂಡೇ ಹೊರಗೆ ಬಂದಳು, ಪಕ್ಕದಲ್ಲಿ ಅದೇ ಇನ್ಸ್‌ಪೆಕ್ಟರು. ಅವರು ಇಳಿದು ನಮ್ಮ ದಂಡನ್ನು ನೋಡಿ ಬೆರಗಾದರು.

“ಯಾರಮ್ಮಾ ಇವರೆಲ್ಲಾ? ಇಷ್ಟು ಜನ?”

ಸೊಸೆ ಇಳಿದು ನೆಟ್ಟಗೆ ನಿಂತಳು. “ನಮ್ಮ ಮೇಷ್ಟ್ರುಗಳು ಸಾರ್” ಎಂದಳು.

ಇನ್ಸ್‌ಪೆಕ್ಟರು ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ. ಚೀಟಿಗೆ ಮೊಹರು ಒತ್ತಿ ಅದನ್ನು ಚೂಟಿಯ ಕೈಗೆ ಕೊಟ್ಟರು. “ನಿಮ್ಮ ಸ್ಟೂಡೆಂಟ್ ಪಾಸ್ ಮೇಡಂ” ಎಂದರು. ಚೂಟಿ ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಆಮೇಲೆ ಅಮ್ಮನ ಹೊಟ್ಟೆಗೆ ಮುಖ ಒತ್ತಿ ಗೊಳೋ ಎಂದು ಅತ್ತಳು. ಮೂರು ತಿಂಗಳು ಒಂದು ಹನಿ ಕಣ್ಣೀರು ಹಾಕದೆ ಎಲ್ಲರಿಗೂ ಹುಕುಂ ಚಲಾಯಿಸಿದ ಮಗು ಅದು.

ಗಂಟೆ ನಾಲ್ಕಾಗಿತ್ತು. ಸೊಸೆ, ನಾನು, ಚೂಟಿ ಹೋಟೆಲಿನ ನೆಲಮಾಳಿಗೆಗೆ ಇಳಿದೆವು. ಅವಳು ಕೆಲಸ ಮಾಡುವ ಜಾಗ ನಾನು ನೋಡಿದ್ದು ಅದೇ ಮೊದಲು. ಉಸಿರುಗಟ್ಟುವ ಹಬೆ, ರೋಲರಿನ ಗುಡುಗುಡು, ಬೆವರಿನಲ್ಲಿ ತೊಯ್ದ ಹೆಂಗಸರು. ಇಲ್ಲಿ ಹದಿಮೂರು ವರ್ಷ ನಿಂತು ಮನೆಗೆ ಬಂದವಳಿಗೆ ನಾನು ಚಹಾಕ್ಕೆ ತಡವಾಯಿತೆಂದು ಗೊಣಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಸೂಪರ್‌ವೈಸರು ಮೇಜಿನ ಮುಂದೆ ಫಾರಂಗಳ ಕಟ್ಟು ಇಟ್ಟುಕೊಂಡು ಕೂತಿದ್ದ.

“ಬಾಮ್ಮ, ನಿಂದೊಂದೇ ಬಾಕಿ. ಇಲ್ಲಿ ಸಹಿ ಹಾಕು.”

ಸೊಸೆ ತನ್ನ ಫಾರಂ ತೆಗೆದು ಖಾಲಿಯಾಗಿಯೇ ಮೇಜಿನ ಮೇಲಿಟ್ಟಳು. ಅದರ ಮೇಲೆ ನೀಟಾಗಿ ಮಡಚಿದ ಏಪ್ರನ್ನು ಇಟ್ಟಳು.

“ನಾನು ಬರಲ್ಲ ಸಾರ್.”

“ಯೋಚ್ನೆ ಮಾಡು. ಸೋಮವಾರ ಬಂದು ಕೇಳಿದ್ರೆ ಜಾಗ ಇರಲ್ಲ.”

“ಸೋಮವಾರ ನನಗೆ ಡ್ಯೂಟಿ ಇದೆ ಸಾರ್. ಸ್ಕೂಲ್ ವ್ಯಾನು.”

ರೋಲರಿನ ಹತ್ತಿರ, ಪಾಳಿ ಮುಗಿದರೂ ಮನೆಗೆ ಹೋಗದೆ, ಒಬ್ಬ ಹೆಂಗಸು ಬೆಡ್‌ಶೀಟಿನ ಎರಡು ಮೂಲೆ ಹಿಡಿದು ನಿಂತಿದ್ದಳು. ಹದಿಮೂರು ವರ್ಷ ಸೊಸೆಯ ಎದುರಿಗೆ ನಿಂತು ಮಡಚಿದವಳು ಅವಳೇ ಇರಬೇಕು. ಅವಳು ಸಹಿ ಹಾಕಿಯಾಗಿತ್ತು. ಸೊಸೆ ಹೋಗಿ ಆಚೆಯ ಎರಡು ಮೂಲೆ ಹಿಡಿದಳು. ಇಬ್ಬರೂ ಸೇರಿ ಆ ಒಂದನ್ನು ಮಡಚಿದರು. “ನೀನಾದ್ರೂ ಮಕ್ಕಳ ಜೊತೆ ಇರೇ” ಎಂದು ಅವಳು ಸೊಸೆಯ ಕೆನ್ನೆ ತಟ್ಟಿದಳು. ಅಲ್ಲಿದ್ದ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಚಪ್ಪಾಳೆ ತಟ್ಟಿದರು. ಸೂಪರ್‌ವೈಸರು ಸುಮ್ಮನಿರಿ ಎಂದರೂ ಯಾರೂ ಸುಮ್ಮನಾಗಲಿಲ್ಲ.

ಮೆಟ್ಟಿಲು ಹತ್ತಿ ಹೊರಗೆ ಬಂದರೆ ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಚೂಟಿ ನಮ್ಮಿಬ್ಬರ ಕೈ ಹಿಡಿದು ನಡುವೆ ನಡೆದಳು.

“ಅಮ್ಮ, ಹಸಿವಾಗ್ತಿದೆ” ಎಂದಳು ಚೂಟಿ.

“ನಡಿ, ಅಡುಗೆ ಮಾಡ್ತೀನಿ” ಎಂದಳು ಸೊಸೆ.

ಮೂವರೂ ಮನೆಗೆ ಹೋದೆವು.